ಆರಿದ ಮೇಲೂ ಕೆಂಪಗಿರುವ ತಂತಿ

ವಿಮಾನದ ಇತಿಹಾಸ ಎಂದ ಕೂಡಲೇ ರೈಟ್ ಸಹೋದರರು, ಎರಡು ಮಹಾಯುದ್ಧಗಳು, ಜೆಟ್ ಎಂಜಿನ್ ಇವೇ ನೆನಪಾಗುತ್ತವೆ. ಇಲ್ಲಿ ನಾನು ಬರೆಯಹೊರಟಿರುವುದು ಅದಕ್ಕಿಂತ ಬಹಳ ಸಣ್ಣ ವಸ್ತುವಿನ ಇತಿಹಾಸ. ಅದೊಂದು ತಂತಿ. ಸುರುಳಿ ಸುತ್ತಿದರೆ ಜೋಳದ ಕಾಳಿಗಿಂತ ಚಿಕ್ಕದು. ರೇಡಿಯೊ ನಿಯಂತ್ರಣದಲ್ಲಿ ಹಾರುವ ಮಾದರಿ ವಿಮಾನಗಳ ಪುಟ್ಟ ಎಂಜಿನ್ನಿನ ತಲೆಯೊಳಗೆ ಅದು ಕೂತಿರುತ್ತದೆ. ಆ ಎಂಜಿನ್ನಿಗೆ ಗ್ಲೋ ಎಂಜಿನ್ ಎಂದು ಹೆಸರು, ತಂತಿಯನ್ನು ಹೊತ್ತ ತಿರುಪಿಗೆ ಗ್ಲೋ ಪ್ಲಗ್ ಎಂದು ಹೆಸರು.

ಈ ಎಂಜಿನ್ನಿನ ವಿಚಿತ್ರ ಒಮ್ಮೆ ಮನಸ್ಸಿಗೆ ಹೊಕ್ಕರೆ ಸುಲಭಕ್ಕೆ ಬಿಡುವುದಿಲ್ಲ. ಸ್ಕೂಟರಿನ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇದೆ, ಅದಕ್ಕೆ ಕಿಡಿ ಕಳಿಸುವ ಕಾಯಿಲ್ ಇದೆ, ಯಾವ ಕ್ಷಣಕ್ಕೆ ಕಿಡಿ ಹಾರಬೇಕೆಂದು ಹೇಳುವ ವ್ಯವಸ್ಥೆ ಇದೆ. ಲಾರಿಯ ಡೀಸೆಲ್ ಎಂಜಿನ್ನಿಗೆ ಪಂಪು, ನಾಜಲ್ ಇವೆ. ಗ್ಲೋ ಎಂಜಿನ್ನಿಗೆ ಇವು ಯಾವುವೂ ಇಲ್ಲ. ಶುರು ಮಾಡುವಾಗ ಒಂದೂವರೆ ವೋಲ್ಟಿನ ಬ್ಯಾಟರಿಯನ್ನು ಪ್ಲಗ್ಗಿಗೆ ತಾಗಿಸುತ್ತೇವೆ, ತಂತಿ ಕೆಂಪಗಾಗುತ್ತದೆ, ಪ್ರೊಪೆಲ್ಲರನ್ನು ತಿರುವುತ್ತೇವೆ, ಎಂಜಿನ್ ಹತ್ತಿಕೊಳ್ಳುತ್ತದೆ. ಆಮೇಲೆ ಬ್ಯಾಟರಿ ತೆಗೆದುಬಿಡುತ್ತೇವೆ. ವಿಮಾನ ಆಕಾಶದಲ್ಲಿ ಹತ್ತು ನಿಮಿಷ ಗಿರಕಿ ಹೊಡೆದು ಬರುವವರೆಗೂ ತಂತಿ ತನ್ನಷ್ಟಕ್ಕೇ ಕೆಂಪಗಿರುತ್ತದೆ. ನಿಮಿಷಕ್ಕೆ 12,000 ಸುತ್ತು ತಿರುಗುವ ಎರಡು ಸ್ಟ್ರೋಕಿನ ಎಂಜಿನ್ ಎಂದರೆ ಸೆಕೆಂಡಿಗೆ ಇನ್ನೂರು ಸಲ ಹೊತ್ತಿಕೊಳ್ಳಬೇಕು. ಪ್ರತಿ ಸಲವೂ ಸರಿಯಾದ ಗಳಿಗೆಗೇ ಹೊತ್ತಿಕೊಳ್ಳಬೇಕು. ಅದನ್ನು ಹೇಳುವವರು ಯಾರು?

ಈ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಹೋದರೆ ವಿಮಾನಗಳೇ ಇಲ್ಲದ ಕಾಲಕ್ಕೆ, ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳಿಗೆ ಬಂದು ನಿಲ್ಲುತ್ತೇವೆ. ಗಣಿಯೊಳಗೆ ಸೇರಿಕೊಳ್ಳುವ ಅನಿಲಕ್ಕೆ ಕಾರ್ಮಿಕರ ದೀಪದ ಜ್ವಾಲೆ ತಾಗಿ ಸ್ಫೋಟವಾಗುತ್ತಿತ್ತು, ಜನ ಸಾಯುತ್ತಿದ್ದರು. ಹಂಫ್ರಿ ಡೇವಿ 1815ರಲ್ಲಿ ಜ್ವಾಲೆಯ ಸುತ್ತ ಸಣ್ಣ ಕಣ್ಣಿನ ತಂತಿಬಲೆ ಕಟ್ಟಿ ಸುರಕ್ಷಾ ದೀಪ ಮಾಡಿದ್ದು ಎಲ್ಲರಿಗೂ ಗೊತ್ತಿರುವ ಕಥೆ, ಶಾಲೆಯ ಪುಸ್ತಕಗಳಲ್ಲೂ ಇದೆ. ಅದರ ಮುಂದಿನ ಅಧ್ಯಾಯ ಅಷ್ಟಾಗಿ ಗೊತ್ತಿಲ್ಲ. ಅದೇ ದೀಪದ ಮೇಲೆ ಪ್ರಯೋಗ ಮುಂದುವರಿಸಿದ್ದ ಡೇವಿ ಜ್ವಾಲೆಯ ಮೇಲೊಂದು ಸಪೂರ ಪ್ಲಾಟಿನಂ ತಂತಿಯನ್ನು ಇಟ್ಟಿದ್ದ. ದೀಪದೊಳಕ್ಕೆ ಕಲ್ಲಿದ್ದಲ ಅನಿಲವನ್ನು ಹೆಚ್ಚು ಬಿಟ್ಟಾಗ ಜ್ವಾಲೆ ಆರಿತು. ತಂತಿ ಆರಲಿಲ್ಲ. ಕತ್ತಲಲ್ಲಿ ನಿಮಿಷಗಟ್ಟಲೆ ಕೆಂಡದ ಹಾಗೆ ಬೆಳಗುತ್ತಲೇ ಇತ್ತು. ಬೆಂಕಿಯಿಲ್ಲ, ಕಿಡಿಯಿಲ್ಲ, ಸುತ್ತ ಅನಿಲವೂ ಗಾಳಿಯೂ ಇರುವಷ್ಟು ಹೊತ್ತು ತಂತಿ ಕೆಂಪು. 1817ರಲ್ಲಿ ಅವನು ಇದನ್ನು ಪ್ರಕಟಿಸಿದ. ಈಥರ್ ಮತ್ತು ಆಲ್ಕೊಹಾಲಿನ ಆವಿಯಲ್ಲೂ ಪ್ಲಾಟಿನಂ ಹೀಗೆಯೇ ಉರಿಯದೆ ಉರಿಯುತ್ತದೆ ಎಂದೂ ಕಂಡುಕೊಂಡ. ದೀಪ ಆರಿಹೋದ ಗಣಿ ಕಾರ್ಮಿಕನಿಗೆ ದಾರಿ ತೋರಿಸಲು ಈ ತಂತಿಯ ಮಂದ ಬೆಳಕು ಸಾಕಾದೀತು ಎಂಬುದು ಅವನ ಆಸೆ.

ಆಮೇಲೆ ಸ್ಪಿರಿಟ್ ದೀಪದ ಬತ್ತಿಯ ಮೇಲೆ ಪ್ಲಾಟಿನಂ ಸುರುಳಿ ಕೂರಿಸಿ, ಹೊತ್ತಿಸಿ, ಊದಿ ಆರಿಸುವ ಆಟಿಕೆ ದೀಪಗಳು ಬಂದವು. ಜ್ವಾಲೆ ಹೋದರೂ ಸುರುಳಿ ಗಂಟೆಗಟ್ಟಲೆ ಕೆಂಪಗಿರುತ್ತಿತ್ತು. ನಿಜ ಹೇಳಬೇಕೆಂದರೆ ಗ್ಲೋ ಪ್ಲಗ್ ಎಂದರೆ ಇಷ್ಟೇ. ಆಲ್ಕೊಹಾಲಿನ ಆವಿ, ಗಾಳಿ, ಬಿಸಿಯಾದ ಪ್ಲಾಟಿನಂ. ಈ ಮೂರೂ 1817ರಲ್ಲೇ ಮೇಜಿನ ಮೇಲೆ ಇದ್ದವು.

1823ರಲ್ಲಿ ಜರ್ಮನಿಯ ಯೇನಾದಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಡೋಬರೈನರ್ ಇನ್ನೊಂದು ಹೆಜ್ಜೆ ಮುಂದೆ ಹೋದ. ಪ್ಲಾಟಿನಂ ಅನ್ನು ಸ್ಪಂಜಿನ ಹಾಗೆ ರಂಧ್ರ ರಂಧ್ರವಾಗಿ ಮಾಡಿ ಅದರ ಮೇಲೆ ಜಲಜನಕವನ್ನು ಹಾಯಿಸಿದರೆ ಮೊದಲೇ ಬಿಸಿ ಮಾಡುವ ಅಗತ್ಯವೂ ಇಲ್ಲದೆ ಬೆಂಕಿ ಹೊತ್ತಿಕೊಳ್ಳುತ್ತಿತ್ತು. ಬೆಂಕಿಕಡ್ಡಿ ಇನ್ನೂ ಅಂಗಡಿಗೆ ಬಂದಿರದ ಕಾಲ ಅದು. ಗಾಜಿನ ಪಾತ್ರೆಯೊಳಗೆ ಸತುವು, ಆಮ್ಲ. ಗುಂಡಿ ಒತ್ತಿದರೆ ಜಲಜನಕ ಹೊಮ್ಮಿ ಉರಿ. ಡೋಬರೈನರನ ಈ ದೀಪ ಶ್ರೀಮಂತರ ಮನೆಗಳ ಮೇಜಿನ ಅಲಂಕಾರವಾಯಿತು. ಸಾಹಿತ್ಯದ ಓದುಗರಿಗೆ ಖುಷಿಯಾಗುವ ವಿಷಯವೆಂದರೆ ಡೋಬರೈನರನ ಆಶ್ರಯದಾತನೂ ಸ್ನೇಹಿತನೂ ಆಗಿದ್ದವನು ಕವಿ ಗಯಟೆ. ಅವನ ಬಳಿಯೂ ಇಂಥದೊಂದು ದೀಪ ಇತ್ತು. ಪ್ಲಾಟಿನಂ ತಾನು ಖರ್ಚಾಗದೆ ಬೇರೆಯವುಗಳ ನಡುವೆ ಕ್ರಿಯೆ ಮಾಡಿಸುತ್ತದಲ್ಲ, ಆ ಗುಣಕ್ಕೆ ಸ್ವೀಡನ್ನಿನ ಬರ್ಜೆಲಿಯಸ್ 1830ರ ದಶಕದಲ್ಲಿ ಒಂದು ಹೆಸರು ಕೊಟ್ಟ. ನಮ್ಮ ಪಠ್ಯಪುಸ್ತಕಗಳು ಅದನ್ನು ವೇಗವರ್ಧನೆ ಎನ್ನುತ್ತವೆ. ಮದುವೆಯ ದಲ್ಲಾಳಿಯ ಕೆಲಸ ಎಂದರೂ ತಪ್ಪಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಇದು ಎಂಜಿನ್ನಿನೊಳಕ್ಕೆ ಬರಲು 130 ವರ್ಷ ಬೇಕಾಯಿತು. ಏಕೆ? ನನಗೆ ತೋರುವ ಕಾರಣ ಸರಳ: ಯಾರಿಗೂ ಅಷ್ಟು ಸಣ್ಣ ಎಂಜಿನ್ ಬೇಕಿರಲಿಲ್ಲ. ಬಿಸಿ ಲೋಹದಿಂದ ಇಂಧನ ಹೊತ್ತಿಸುವ ಉಪಾಯ ದೊಡ್ಡ ಎಂಜಿನ್‌ಗಳಲ್ಲಿ ಇದ್ದೇ ಇತ್ತು. 1880ರ ದಶಕದಲ್ಲಿ ಡೈಮ್ಲರ್ ಮತ್ತು ಮೇಬಾಕ್ ತಮ್ಮ ಎಂಜಿನ್ನಿಗೆ ಹೊರಗಿನಿಂದ ಜ್ವಾಲೆಯಲ್ಲಿ ಕಾಯಿಸಿದ ಕೊಳವೆಯನ್ನು ಬಳಸಿದರು. 1890ರ ಹೊತ್ತಿಗೆ ಅಕ್ರಾಯ್ಡ್ ಸ್ಟುವರ್ಟನ ಬಿಸಿ ಬುರುಡೆಯ ಎಂಜಿನ್ ಬಂತು. ಬುರುಡೆಯನ್ನು ಬ್ಲೋಲ್ಯಾಂಪಿನಿಂದ ಕಾಯಿಸಿ ಚಾಲೂ ಮಾಡಿದರೆ ಆಮೇಲೆ ಅದು ತನ್ನದೇ ಬಿಸಿಯಲ್ಲಿ ನಡೆಯುತ್ತಿತ್ತು. ಜರ್ಮನಿಯ ಲಾಂಟ್ಸ್ ಬುಲ್‌ಡಾಗ್ ಟ್ರ್ಯಾಕ್ಟರ್ ಈ ಜಾತಿಯದೇ. ಆದರೆ ಅವೆಲ್ಲ ನೆಲ ಬಿಟ್ಟು ಏಳಬೇಕಿರಲಿಲ್ಲ. ಭಾರ ಅವುಗಳಿಗೆ ಸಮಸ್ಯೆಯೇ ಅಲ್ಲ.

ಭಾರ ಸಮಸ್ಯೆಯಾದದ್ದು 1930ರ ದಶಕದ ಅಮೆರಿಕದಲ್ಲಿ, ಹುಡುಗರ ಕೈಯಲ್ಲಿ. ಅಲ್ಲಿಯವರೆಗೆ ಮಾದರಿ ವಿಮಾನ ಹಾರುತ್ತಿದ್ದದ್ದು ಹೆಚ್ಚಾಗಿ ರಬ್ಬರ್ ಬ್ಯಾಂಡಿನ ಶಕ್ತಿಯಿಂದ. ಫಿಲಡೆಲ್ಫಿಯಾದ ತರುಣ ಬಿಲ್ ಬ್ರೌನ್ ಮಾಡಿದ 'ಬ್ರೌನ್ ಜೂನಿಯರ್' ಎಂಬ ಪುಟ್ಟ ಪೆಟ್ರೋಲ್ ಎಂಜಿನ್ನನ್ನು ಕೂರಿಸಿದ ವಿಮಾನದಿಂದ ಮ್ಯಾಕ್ಸ್‌ವೆಲ್ ಬ್ಯಾಸೆಟ್ ಎಂಬಾತ 1933ರ ರಾಷ್ಟ್ರೀಯ ಸ್ಪರ್ಧೆಯಲ್ಲಿ ರಬ್ಬರ್ ವಿಮಾನಗಳನ್ನೆಲ್ಲ ಹಿಂದೆ ಹಾಕಿದ. ಎಂಜಿನ್ ಚಿಕ್ಕದೇ. ಆದರೆ ಅದಕ್ಕೆ ಕಿಡಿ ಬೇಕು. ಕಿಡಿಗೆ ಕಾಯಿಲ್ ಬೇಕು, ಕಂಡೆನ್ಸರ್ ಬೇಕು, ಬ್ಯಾಟರಿ ಬೇಕು, ತೆರೆದು ಮುಚ್ಚುವ ಪಾಯಿಂಟ್ ಬೇಕು. ಹೊರೆ ಹೊರುವವನಿಗಿಂತ ಬುತ್ತಿಗಂಟೇ ಭಾರವಾದ ಹಾಗೆ. 1937ರ ಸುಮಾರಿಗೆ ಮಿಷಿಗನ್ನಿನ ಕಾಲಮಜೂ ಊರಿನ ಅವಳಿ ಸಹೋದರರಾದ ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್ ತಮ್ಮ 'ಗಫ್' ಎಂಬ ವಿಮಾನವನ್ನು ರೇಡಿಯೊದಿಂದ ನಿಯಂತ್ರಿಸಿ ಹಾರಿಸಿದರು. ಅದೀಗ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ಆ ಕಾಲದ ರೇಡಿಯೊ ಎಂದರೆ ವಾಲ್ವುಗಳು, ಅವಕ್ಕೆ ಪ್ರತ್ಯೇಕ ಬ್ಯಾಟರಿಗಳು. ಎಂಜಿನ್ನಿನ ಬ್ಯಾಟರಿ, ರೇಡಿಯೊದ ಬ್ಯಾಟರಿ ಎರಡನ್ನೂ ಹೊತ್ತು ಏಳಬೇಕೆಂದರೆ ವಿಮಾನ ದೊಡ್ಡದಾಗಲೇಬೇಕು. ಸಾಮಾನ್ಯ ಹುಡುಗನ ಜೇಬಿಗೆ ಅದು ನಿಲುಕುವ ಮಾತಲ್ಲ.

1947ರಲ್ಲಿ ರೇ ಆರ್ಡೆನ್ ಎಂಬ ಅಮೆರಿಕದ ಆವಿಷ್ಕಾರಕ ಗ್ಲೋ ಪ್ಲಗ್ಗನ್ನು ಮಾರುಕಟ್ಟೆಗೆ ಬಿಟ್ಟ. ಅವನು ಅದಕ್ಕೂ ಮೊದಲೇ ಸಣ್ಣ ಕಿಡಿ ಎಂಜಿನ್‌ಗಳನ್ನು ಮಾಡುತ್ತಿದ್ದವನು. ಸ್ಪಾರ್ಕ್ ಪ್ಲಗ್ಗಿನ ಜಾಗದಲ್ಲೇ ತಿರುಪಿ ಕೂರಿಸಬಹುದಾದ, ಒಳಗೆ ಪ್ಲಾಟಿನಂ ಮಿಶ್ರಲೋಹದ ಸುರುಳಿಯಿರುವ ಪ್ಲಗ್. ಪೆಟ್ರೋಲಿನ ಬದಲು ಮೆಥನಾಲ್. ಕಾಯಿಲ್, ಕಂಡೆನ್ಸರ್, ಬ್ಯಾಟರಿ ಒಂದೇ ಏಟಿಗೆ ವಿಮಾನದಿಂದ ಕೆಳಗಿಳಿದವು. ಕೆಲವೇ ವರ್ಷಗಳಲ್ಲಿ ಮಾದರಿ ವಿಮಾನಗಳ ಕಿಡಿ ಎಂಜಿನ್ ಬಹುಮಟ್ಟಿಗೆ ಹಳೆಯ ಸಾಮಾನಾಯಿತು. ಹವ್ಯಾಸಿಗಳ ಬರಹಗಳಲ್ಲಿ ಆರ್ಡೆನ್ನನನ್ನು ಗ್ಲೋ ಪ್ಲಗ್ಗಿನ ಜನಕ ಎನ್ನುತ್ತಾರೆ. ಅವನ ಹಕ್ಕನ್ನು ನಾನು ಕಸಿಯುವುದಿಲ್ಲ. ಆದರೆ ತಂತಿಯ ಗುಟ್ಟು ಡೇವಿಯದು. ಆರ್ಡೆನ್ ಅದಕ್ಕೊಂದು ಮನೆ ಕಟ್ಟಿಕೊಟ್ಟ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಹೊತ್ತಿಕೊಳ್ಳುವ ಗಳಿಗೆಯನ್ನು ಹೇಳುವವರು ಯಾರು? ಯಾರೂ ಇಲ್ಲ. ಪಿಸ್ಟನ್ ಮೇಲೇರಿ ಆವಿಯನ್ನು ಒತ್ತಿದಾಗ ಅದು ಬಿಸಿಯಾಗುತ್ತದೆ. ಆ ಬಿಸಿ, ಹಿಂದಿನ ಉರಿಯಿಂದ ತಂತಿಯಲ್ಲಿ ಉಳಿದ ಬಿಸಿ, ಪ್ಲಾಟಿನಂ ಮೇಲೆ ಮೆಥನಾಲ್ ತಾನೇ ಉತ್ಪಾದಿಸುವ ಬಿಸಿ ಈ ಮೂರೂ ಕೂಡಿ ಒಂದು ಹಂತ ದಾಟಿದಾಗ ಉರಿ ಹತ್ತುತ್ತದೆ. ತಂತಿ ದಪ್ಪವೋ ತೆಳುವೋ, ಪ್ಲಗ್ಗಿನ ಗುಳಿ ಆಳವೋ, ಇಂಧನದಲ್ಲಿ ನೈಟ್ರೋಮೀಥೇನ್ ಎಷ್ಟು, ಪ್ರೊಪೆಲ್ಲರ್ ಎಷ್ಟು ದೊಡ್ಡದು, ಹವೆ ಹೇಗಿದೆ ಎಲ್ಲವೂ ಆ ಗಳಿಗೆಯನ್ನು ಅತ್ತಿತ್ತ ಸರಿಸುತ್ತವೆ. ಕಿಡಿ ಎಂಜಿನ್ನಿನಲ್ಲಿ ಗಳಿಗೆಯನ್ನು ಬದಲಿಸಲು ಒಂದು ಸನ್ನೆ ಇರುತ್ತಿತ್ತು. ಇಲ್ಲಿ ಅದು ಇಲ್ಲ. ಹಾರಿಸುವವನ ಕೈಯಲ್ಲಿ ಉಳಿದದ್ದು ಮುಖ್ಯವಾಗಿ ಒಂದೇ: ಕಾರ್ಬೊರೇಟರಿನ ಸೂಜಿ. ಅದನ್ನು ಒಳಕ್ಕೆ ತಿರುಗಿಸಿದರೆ ಇಂಧನ ಕಡಿಮೆ, ಹೊರಕ್ಕೆ ತಿರುಗಿಸಿದರೆ ಹೆಚ್ಚು. ಮೆಕ್ಯಾನಿಕ್‌ಗಳ ಭಾಷೆಯಲ್ಲಿ ಲೀನ್ ಮತ್ತು ರಿಚ್.

ಇಲ್ಲಿಂದ ಮುಂದಿನದು ಕಿವಿಯ ವಿದ್ಯೆ. ಇಂಧನ ತೀರ ಹೆಚ್ಚಾದಾಗ ಎಂಜಿನ್ ಪ್ರತಿ ಸುತ್ತಿಗೂ ಹೊತ್ತಿಕೊಳ್ಳುವುದಿಲ್ಲ, ಒಂದು ಬಿಟ್ಟು ಒಂದಕ್ಕೆ ಹೊತ್ತಿಕೊಳ್ಳುತ್ತದೆ. ಎರಡು ಸ್ಟ್ರೋಕಿನ ಎಂಜಿನ್ ನಾಲ್ಕು ಸ್ಟ್ರೋಕಿನ ಹಾಗೆ ಗುಡುಗುಡು ಎನ್ನುತ್ತದೆ, ಹಿಂದಿನಿಂದ ಬಿಳಿ ಹೊಗೆ ದಟ್ಟವಾಗಿ ಬರುತ್ತದೆ. ಸೂಜಿಯನ್ನು ಒಂದೊಂದೇ ಕ್ಲಿಕ್ ಒಳಕ್ಕೆ ಸರಿಸುತ್ತಾ ಹೋದರೆ ಒಂದು ಹಂತದಲ್ಲಿ ಆ ಗುಡುಗು ಒಡೆದು ಸ್ವರ ಏಕದಂ ಮೇಲಕ್ಕೆ ಜಿಗಿಯುತ್ತದೆ, ಹೆಚ್ಚೂಕಡಿಮೆ ಮಂದ್ರದಿಂದ ಮಧ್ಯ ಷಡ್ಜಕ್ಕೆ ಹಾರಿದಂತೆ. ಸುತ್ತಿಗೊಂದು ಉರಿ ಬಂದರೆ ಸಪ್ಪಳದ ಆವರ್ತನ ಇಮ್ಮಡಿಯಾಗುತ್ತದೆ, ಆದ್ದರಿಂದ ಸಂಗೀತದ ಈ ಹೋಲಿಕೆ ಬರೀ ಅಲಂಕಾರವಲ್ಲ. ಅಲ್ಲಿಂದ ಇನ್ನೂ ಸರಿಸಿದರೆ ವೇಗ ಏರಿ ಏರಿ ತುದಿ ಮುಟ್ಟುತ್ತದೆ. ಹೊಸಬರು ಅಲ್ಲಿಗೇ ನಿಲ್ಲಿಸಿ ಸಂಭ್ರಮಿಸುತ್ತಾರೆ. ತಿಳಿದವರು ತುದಿಯಿಂದ ಮೂರ್ನಾಲ್ಕು ಕ್ಲಿಕ್ ಹಿಂದಕ್ಕೆ ಬರುತ್ತಾರೆ, ನಿಮಿಷಕ್ಕೆ ಮುನ್ನೂರು ನಾನೂರು ಸುತ್ತು ಕಡಿಮೆಯಾಗುವಷ್ಟು. ನೆಲದ ಮೇಲೆ ತುದಿಯಲ್ಲಿದ್ದ ಎಂಜಿನ್ ಗಾಳಿಯಲ್ಲಿ ತುದಿ ದಾಟುತ್ತದೆ. ಮೇಲೇರುವಾಗ ಪ್ರೊಪೆಲ್ಲರಿನ ಹೊರೆ ಇಳಿಯುತ್ತದೆ, ಮೂಗು ಎತ್ತಿದಾಗ ಇಂಧನ ಏರು ಹತ್ತಬೇಕಾಗುತ್ತದೆ. ಲೀನ್ ಆದ ಎಂಜಿನ್ನಿಗೆ ಬಿಸಿ ಹೆಚ್ಚು, ಎಣ್ಣೆ ಕಡಿಮೆ, ಏಕೆಂದರೆ ಎಣ್ಣೆ ಬರುವುದೂ ಇಂಧನದ ಜೊತೆಗೇ. ವಿಮಾನ ಮರದ ಮೇಲೆ ಇರುವಾಗಲೇ ಅದು ಸುಮ್ಮನಾಗುತ್ತದೆ.

ಊರು ಬದಲಾದರೆ ಸೂಜಿಯೂ ಬದಲಾಗಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಸಾಂದ್ರತೆ ಮಂಗಳೂರಿನದಕ್ಕಿಂತ ಶೇಕಡಾ ಎಂಟರಷ್ಟು ಕಡಿಮೆ. ಮಂಗಳೂರಿನಲ್ಲಿ ಸರಿಯಿದ್ದ ಎಂಜಿನ್ನನ್ನು ಘಾಟಿ ಹತ್ತಿಸಿ ತಂದರೆ ಗಾಳಿ ಸಾಲದೆ ರಿಚ್ ಆಗಿ ಗೊಣಗುತ್ತದೆ. ಇಲ್ಲಿ ಹದ ಮಾಡಿದ್ದನ್ನು ಅಲ್ಲಿಗೆ ಒಯ್ದು ಹಾಗೆಯೇ ಹಾರಿಸಿದರೆ ಲೀನ್ ಆಗಿ ಸುಡುತ್ತದೆ. ಬೆಳಗಿನ ಚಳಿಯಲ್ಲಿ ಒಂದು ಹದ, ಮಧ್ಯಾಹ್ನದ ಬಿಸಿಲಿಗೆ ಇನ್ನೊಂದು. ದೋಸೆ ಹಿಟ್ಟು ಹುಳಿ ಬರುವುದಕ್ಕೂ ಊರಿನ ಹವೆ ನೋಡುತ್ತಾರಲ್ಲ, ಹಾಗೆ.

ನಾನು ಇದನ್ನು ಕಲಿತದ್ದು ಬೆಂಗಳೂರಿನ ಹೊರವಲಯದ ಒಂದು ಬತ್ತಿದ ಕೆರೆಯಂಗಳದಲ್ಲಿ. ಕಾಲೇಜಿನ ಮೂರ್ನಾಲ್ಕು ಹುಡುಗರು ಭಾನುವಾರ ಬೆಳಿಗ್ಗೆ ಅಲ್ಲಿ ಸೇರುತ್ತಿದ್ದೆವು. ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿ ನಿವೃತ್ತರಾದ ಒಬ್ಬರು ಸೈಕಲ್ಲಿಗೆ ಟೂಲ್ ಡಬ್ಬ ಕಟ್ಟಿಕೊಂಡು ಬರುತ್ತಿದ್ದರು. ನಾವು ಅವರನ್ನು ಮೇಷ್ಟ್ರೇ ಎನ್ನುತ್ತಿದ್ದೆವು, ಅವರಿಗದು ಇಷ್ಟವಿರಲಿಲ್ಲ. "ಮೇಷ್ಟ್ರು ಗೀಷ್ಟ್ರು ಏನೂ ಬೇಡ. ಪ್ಲಗ್ ಬಿಚ್ಚಿ ನೋಡದೆ ಸೂಜಿ ಮುಟ್ಟಬೇಡ್ರೋ, ಅಷ್ಟು ಮಾಡಿ ಸಾಕು" ಎನ್ನುವರು. ಎಂಜಿನ್ ಹತ್ತಲಿಲ್ಲವೆಂದರೆ ಎಲ್ಲರ ಕೈಯೂ ಮೊದಲು ಹೋಗುವುದು ಸೂಜಿಗೇ. ಅರ್ಧ ಗಂಟೆಯಲ್ಲಿ ಸೂಜಿ ಎಲ್ಲಿತ್ತೆಂಬುದೇ ಮರೆತುಹೋಗಿ, ಒಂದು ರೋಗದ ಜಾಗದಲ್ಲಿ ಎರಡು ರೋಗ ಆಗಿರುತ್ತದೆ. ಅವರ ಕ್ರಮ ಬೇರೆ. ಪ್ಲಗ್ ಬಿಚ್ಚಿ, ಅಂಗೈ ಮರೆಯಲ್ಲಿ ಬ್ಯಾಟರಿ ತಾಗಿಸಿ ನೋಡುವುದು. ಸುರುಳಿಯ ಅಷ್ಟೂ ಸುತ್ತು ಕಿತ್ತಳೆ ಬಣ್ಣಕ್ಕೆ ಬಂದರೆ ಸರಿ. ಮಂಕು ಕೆಂಪಾದರೆ ಬ್ಯಾಟರಿ ಸೋತಿದೆ. ಏನೂ ಆಗದಿದ್ದರೆ ತಂತಿ ಕಡಿದಿದೆ. ತಂತಿ ಹೊಳಪು ಕಳೆದು ಬೂದಿ ಬಡಿದ ಹಾಗೆ ಕಂಡರೆ ಅದು ಬ್ಯಾಟರಿಯಲ್ಲಿ ಕೆಂಪಾದರೂ ಎಂಜಿನ್ನಿನಲ್ಲಿ ನಿಲ್ಲುವುದಿಲ್ಲ, ಪ್ಲಾಟಿನಂನ ಮೈ ಮುಚ್ಚಿಹೋಗಿರುತ್ತದೆ. ಡೇವಿಯ ಹೆಸರನ್ನು ಅವರು ಕೇಳಿದ್ದರೋ ಇಲ್ಲವೋ, ಈ ಮಾತಂತೂ ಅವರು ಅನುಭವದಿಂದ ಹೇಳುತ್ತಿದ್ದರು.

ಆಮೇಲೆ ಇಂಧನದ ದಾರಿ. ಟ್ಯಾಂಕಿನೊಳಗೆ ಮೆದು ಕೊಳವೆಯ ತುದಿಗೆ ಒಂದು ಲೋಹದ ಗುಂಡು ಇರುತ್ತದೆ. ವಿಮಾನ ಹೇಗೆ ಮಗುಚಿದರೂ ಅದು ಇಂಧನ ಇರುವ ಕಡೆಗೇ ಬೀಳುತ್ತದೆ. ಆ ಕೊಳವೆಯಲ್ಲಿ ಸೂಜಿಮೊನೆಯಷ್ಟು ತೂತಾದರೆ ಸಾಕು, ಟ್ಯಾಂಕ್ ತುಂಬಿರುವವರೆಗೆ ಎಲ್ಲ ಸರಿ, ಅರ್ಧ ಖಾಲಿಯಾದೊಡನೆ ಗಾಳಿ ಎಳೆದು ಎಂಜಿನ್ ಲೀನ್ ಆಗುತ್ತದೆ. ಪ್ರತಿ ಹಾರಾಟದಲ್ಲೂ ಅದೇ ನಿಮಿಷಕ್ಕೆ ಕೆಡುವ ಎಂಜಿನ್ ಕಂಡರೆ ಅನುಮಾನ ಅಲ್ಲಿಗೇ ಹೋಗಬೇಕು. ಟ್ಯಾಂಕಿನ ನಡುಮಟ್ಟ ಸೂಜಿಯ ಮಟ್ಟಕ್ಕೆ ಸಮನಾಗಿರಬೇಕು. ಪ್ರೊಪೆಲ್ಲರಿನ ತೂಕ ಎರಡೂ ಕಡೆ ಸಮ ಇಲ್ಲದಿದ್ದರೆ ನಡುಕಕ್ಕೆ ಇಂಧನ ನೊರೆಯೇಳುತ್ತದೆ, ಕೊಳವೆಯಲ್ಲಿ ಗುಳ್ಳೆ ಕಾಣುತ್ತದೆ. ಟ್ಯಾಂಕಿಗೆ ಸ್ಪಂಜು ಸುತ್ತುವುದು ಅದಕ್ಕೇ. ಸೂಜಿಯನ್ನು ಹೇಗೆ ತಿರುಗಿಸಿದರೂ ಎಂಜಿನ್ ಒಂದು ಸ್ವರದಲ್ಲಿ ನಿಲ್ಲದೆ ಏರಿಳಿಯುತ್ತಿದ್ದರೆ ಎಲ್ಲೋ ಗಾಳಿ ಸೋರುತ್ತಿದೆ: ಹಿಂಬದಿಯ ಮುಚ್ಚಳದ ತಿರುಪು ಸಡಿಲ, ಇಲ್ಲವೇ ಕಾರ್ಬೊರೇಟರಿನ ಬುಡದ ರಬ್ಬರ್ ಉಂಗುರ ಸೀಳಿದೆ.

ಎಲ್ಲ ಆದ ಮೇಲೆ ಅವರ ಕೊನೆಯ ಪರೀಕ್ಷೆ ನಾಡಿ ನೋಡಿದಂತೆಯೇ ಇರುತ್ತಿತ್ತು. ಎಂಜಿನ್ ಪೂರ್ತಿ ವೇಗದಲ್ಲಿ ಓಡುವಾಗ ಇಂಧನದ ಕೊಳವೆಯನ್ನು ಎರಡು ಬೆರಳಲ್ಲಿ ಒಂದು ಕ್ಷಣ ಹಿಸುಕಿ ಬಿಡುವುದು. ಹಿಸುಕಿದಾಗ ಸ್ವರ ತುಸು ಏರಿದರೆ ಇನ್ನೂ ಸ್ವಲ್ಪ ರಿಚ್ ಇದೆ, ಹಾರಬಹುದು. ಏರದೆ ನೇರ ಕುಸಿದರೆ ಲೀನ್, ಹಾರಬಾರದು. ಬಳಿಕ ಒಬ್ಬರು ವಿಮಾನವನ್ನು ಎತ್ತಿ ಮೂಗನ್ನು ಆಕಾಶಕ್ಕೆ ಹಿಡಿಯಬೇಕು. ಸ್ವರ ಬಾಡಿದರೆ ಸೂಜಿ ಎರಡು ಕ್ಲಿಕ್ ಹೊರಕ್ಕೆ. ಬ್ಯಾಟರಿ ತೆಗೆದಾಗ ವೇಗ ಬಿದ್ದರೆ ತಂತಿ ತಣ್ಣಗಾಗುತ್ತಿದೆ ಎಂದರ್ಥ, ಒಂದೋ ಇಂಧನ ಹೆಚ್ಚು, ಇಲ್ಲವೇ ಪ್ಲಗ್ ಮುದಿಯಾಗಿದೆ. ಇನ್ನೊಂದು ಎಚ್ಚರಿಕೆಯನ್ನು ಅವರು ಗದರಿಸಿಯೇ ಹೇಳುತ್ತಿದ್ದರು. ಸಿಲಿಂಡರಿನಲ್ಲಿ ಇಂಧನ ತುಂಬಿಕೊಂಡಿದ್ದಾಗ ಸ್ಟಾರ್ಟರ್ ಮೋಟರ್ ಹಚ್ಚಬಾರದು. ದ್ರವ ಕುಗ್ಗುವುದಿಲ್ಲ, ಕುಗ್ಗುವುದು ಕನೆಕ್ಟಿಂಗ್ ರಾಡ್. ಮೊದಲು ಕೈಯಲ್ಲಿ ನಿಧಾನ ತಿರುಗಿಸಿ ನೋಡಬೇಕು, ಅದೂ ಪ್ಲಗ್ಗಿಗೆ ಬ್ಯಾಟರಿ ತಾಗಿಸದೆ ಇರುವಾಗ. ತಂತಿ ಬಿಸಿಯಿದ್ದರೆ ಪ್ರೊಪೆಲ್ಲರ್ ಬೆರಳನ್ನು ಹುಡುಕಿಕೊಂಡು ಬರುತ್ತದೆ.

ಇಷ್ಟು ಹೇಳಿ ಎಣ್ಣೆಯ ವಿಷಯ ಬಿಡುವುದು ಹೇಗೆ! ಗ್ಲೋ ಇಂಧನದಲ್ಲಿ ಐದರಲ್ಲೊಂದು ಪಾಲು ಎಣ್ಣೆ. ಹಳೆಯ ಹದದಲ್ಲಿ ಅದು ಅಪ್ಪಟ ಹರಳೆಣ್ಣೆ. ನಮ್ಮ ಅಜ್ಜಿಯರು ಕೂಸಿನ ನೆತ್ತಿಗೆ ಒತ್ತುತ್ತಿದ್ದ, ಹೊಟ್ಟೆ ಕಟ್ಟಿದರೆ ಕುಡಿಸುತ್ತಿದ್ದ ಅದೇ ಎಣ್ಣೆ. ಉತ್ತರ ಕರ್ನಾಟಕದವರ ಔಡಲೆಣ್ಣೆ. ಕೊಬ್ಬರಿ ಎಣ್ಣೆಯನ್ನೋ ಕಡಲೆಕಾಯಿ ಎಣ್ಣೆಯನ್ನೋ ಮೆಥನಾಲಿಗೆ ಹಾಕಿ ಕುಲುಕಿದರೆ ಸ್ವಲ್ಪ ಹೊತ್ತಿಗೆ ಬೇರೆಯಾಗಿ ನಿಲ್ಲುತ್ತದೆ. ಹರಳೆಣ್ಣೆ ಬೆರೆತುಬಿಡುತ್ತದೆ. ಅದರ ಅಣುವಿನಲ್ಲಿ ಆಲ್ಕೊಹಾಲಿನಲ್ಲಿರುವಂಥದೇ ಆಮ್ಲಜನಕ-ಜಲಜನಕದ ಒಂದು ಕೊಂಡಿ ಇದೆ, ಬೇರೆ ಅಡುಗೆ ಎಣ್ಣೆಗಳಲ್ಲಿ ಅದು ಇಲ್ಲ. ಮೇಲಾಗಿ ಎಂಜಿನ್ ಲೀನ್ ಆಗಿ ಕಾದಾಗ ಇತರ ಎಣ್ಣೆಗಳು ಉರಿದುಹೋಗುವ ಬಿಸಿಯಲ್ಲೂ ಇದು ದಪ್ಪಗಾಗುತ್ತಾ ಲೋಹವನ್ನು ಅಂಟಿಕೊಂಡು ಕಾಯುತ್ತದೆ. ಮೊದಲ ಮಹಾಯುದ್ಧದ ನೋಮ್, ಲೆ ರೋನ್ ಎಂಬ ಸುತ್ತುವ ಎಂಜಿನ್‌ಗಳಿಗೂ ಇದೇ ಎಣ್ಣೆ. ಉರಿಯದ ಎಣ್ಣೆ ಪೈಲಟ್ಟಿನ ಮುಖಕ್ಕೆ ಸಿಡಿಯುತ್ತಿತ್ತು, ಅದರ ಆವಿ ಕುಡಿದು ಅವರ ಹೊಟ್ಟೆ ಕೆಡುತ್ತಿತ್ತು ಎಂಬ ಮಾತು ಆ ಕಾಲದ ಕಥೆಗಳಲ್ಲಿ ಬಂದೇ ಬರುತ್ತದೆ. ಕ್ಯಾಸ್ಟ್ರಾಲ್ ಎಂಬ ಹೆಸರಿನೊಳಗೆ ಇರುವುದೂ ಹರಳೆಣ್ಣೆಯ ಇಂಗ್ಲಿಷ್ ಹೆಸರೇ. ಹರಳನ್ನು ಜಗತ್ತಿನಲ್ಲೇ ಅತಿ ಹೆಚ್ಚು ಬೆಳೆಯುವ ದೇಶ ನಮ್ಮದು.

ಹರಳೆಣ್ಣೆಗೂ ಒಂದು ಕೆಟ್ಟ ಚಾಳಿ ಇದೆ. ಬಿಸಿಗೆ ಅದು ಕಂದು ಪಾಕವಾಗಿ ಲೋಹಕ್ಕೆ ಹಿಡಿಯುತ್ತದೆ, ಹಳೆಯ ದೋಸೆ ಕಾವಲಿಗೆ ಹಿಡಿದ ಹಾಗೆ. ವರ್ಷಗಟ್ಟಲೆ ಅಟ್ಟದಲ್ಲಿದ್ದ ಎಂಜಿನ್ ತಿರುಗದಿದ್ದರೆ ಅದು ಸತ್ತಿಲ್ಲ, ಅಂಟಿಕೊಂಡಿದೆ ಅಷ್ಟೇ. ಸ್ಪಾನರ್ ಹಾಕಿ ತಿರುಗಿಸಿದರೆ ಮುರಿಯುತ್ತದೆ. ಬಿಸಿ ಗಾಳಿ ಹಾಯಿಸಿ, ನಾಲ್ಕು ಹನಿ ಎಣ್ಣೆ ಬಿಟ್ಟು ಕಾದರೆ ಬಿಟ್ಟುಕೊಡುತ್ತದೆ. ಬೇರಿಂಗ್ ತುಕ್ಕು ಹಿಡಿಯುವುದು ಬೇರೆ ರೋಗ. ಮೆಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಹಾರಾಟದ ಕೊನೆಗೆ ಒಳಗೆ ಇಂಧನ ಉಳಿಸಿ ಮನೆಗೆ ಒಯ್ದರೆ ಮುಂದಿನ ತಿಂಗಳಿಗೆ ಬೇರಿಂಗ್ ಕರಕರ ಎನ್ನುತ್ತದೆ.

ನಮ್ಮ ದೇಶದಲ್ಲಿ ಈ ಎಂಜಿನ್ನಿನ ಚರಿತ್ರೆ ಸ್ವಲ್ಪ ಬೇರೆ ದಾರಿ ಹಿಡಿಯಿತು. ಯುರೋಪಿನಲ್ಲಿ 1940ರ ದಶಕದಲ್ಲಿ ಪ್ಲಗ್ಗೇ ಇಲ್ಲದ ಪುಟ್ಟ 'ಡೀಸೆಲ್' ಎಂಜಿನ್ ಬೆಳೆಯಿತು. ಈಥರ್, ಸೀಮೆಎಣ್ಣೆ, ಹರಳೆಣ್ಣೆ ಬೆರೆಸಿದ ಇಂಧನ, ತಲೆಯ ಮೇಲಿನ ತಿರುಪಿನಿಂದ ಒತ್ತಡ ಹೆಚ್ಚು ಕಡಿಮೆ ಮಾಡುವ ವ್ಯವಸ್ಥೆ. ಕೋಲ್ಕತ್ತಾದಲ್ಲಿ ತಯಾರಾಗುತ್ತಿದ್ದ ಅರೋರಾ ಎಂಬ ಎಂಜಿನ್ ಈ ವಂಶದ್ದು. ಎನ್‌ಸಿಸಿ ವಾಯುದಳ ವಿಭಾಗದ ಎಷ್ಟೋ ಕೆಡೆಟ್‌ಗಳಿಗೆ ಎಂಜಿನ್ ಎಂದರೆ ಅದೇ. ಆಮದು ಮಾಡಿದ ಪ್ಲಗ್ಗಿಗೆ ದುಡ್ಡು ಸಾಲದ, ಮೆಥನಾಲ್ ಸಿಗದ ದೇಶಕ್ಕೆ ಅದು ಹೊಂದಿಕೊಂಡಿತು.

ಮೆಥನಾಲ್ ಸಿಗದಿರುವುದಕ್ಕೆ ಕಾರಣವೂ ಇದೆ. ನೋಡಲು, ಮೂಸಲು ಅದು ಕುಡಿಯುವ ಸ್ಪಿರಿಟ್ಟಿನ ಹಾಗೆಯೇ. ಹೊಟ್ಟೆಗೆ ಹೋದರೆ ಯಕೃತ್ತು ಅದನ್ನು ಫಾರ್ಮಿಕ್ ಆಮ್ಲವಾಗಿಸುತ್ತದೆ, ಮೊದಲು ಕಣ್ಣು ಹೋಗುತ್ತದೆ, ಆಮೇಲೆ ಜೀವ. 1981ರಲ್ಲಿ ಇದೇ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ಬಡ ಕೂಲಿಗಳು. ನಮ್ಮ ಕೆರೆಯಂಗಳದ ಡಬ್ಬದ ಮೇಲೆ ಮೇಷ್ಟ್ರು ಕೆಂಪು ಬಣ್ಣದಲ್ಲಿ ಬುರುಡೆಯ ಚಿತ್ರ ಬರೆದಿದ್ದರು. ಸುತ್ತ ನೋಡಲು ನಿಲ್ಲುತ್ತಿದ್ದ ಕಟ್ಟಡ ಕಾರ್ಮಿಕರಲ್ಲಿ ಯಾರಾದರೂ ವಾಸನೆಗೆ ಹತ್ತಿರ ಬಂದರೆ ಎಂಜಿನ್ ನಿಲ್ಲಿಸಿಯಾದರೂ ಡಬ್ಬವನ್ನು ಸೈಕಲ್ಲಿಗೆ ಬೀಗ ಹಾಕಿ ಬರುವರು. ಆಗ ನಮಗೆ ಅದು ಅತಿಯೆನಿಸುತ್ತಿತ್ತು. ಮೆಥನಾಲಿನ ಬೆಂಕಿ ಹಗಲಲ್ಲಿ ಕಣ್ಣಿಗೆ ಕಾಣುವುದೂ ಇಲ್ಲ. ವಿಮಾನದ ಮೇಲೆ ಗಾಳಿ ನಡುಗಿದಂತೆ ಕಂಡಿತೆಂದರೆ ಹತ್ತಿಕೊಂಡಿದೆ ಎಂದು ಅರ್ಥ.

ಹೊರಗಿನ ಕಥೆಯನ್ನು ಬೇಗ ಮುಗಿಸುತ್ತೇನೆ. ಕ್ಯಾಲಿಫೋರ್ನಿಯಾದ ಲೆರಾಯ್ ಕಾಕ್ಸ್ 1950ರ ದಶಕದಲ್ಲಿ 0.8 ಸಿಸಿಯ ಎಂಜಿನ್‌ಗಳನ್ನು ಆಟಿಕೆಯಂಗಡಿಗೆ ತಲುಪಿಸಿದ. ನಮ್ಮ ಲೂನಾ ಮೊಪೆಡ್ಡಿನ ಎಂಜಿನ್ 50 ಸಿಸಿ, ಲೆಕ್ಕ ಹಾಕಿಕೊಳ್ಳಿ. ಆಮೇಲೆ 0.16 ಸಿಸಿಯ ಒಂದನ್ನೂ ಮಾಡಿದ. ಜಪಾನಿನ ಒಸಾಕಾದಲ್ಲಿ 1936ರಲ್ಲಿ ಶಿಗೆಯೊ ಒಗಾವಾ ಶುರು ಮಾಡಿದ ಓಎಸ್ ಕಂಪನಿ 1976ರಲ್ಲಿ ನಾಲ್ಕು ಸ್ಟ್ರೋಕಿನ ಗ್ಲೋ ಎಂಜಿನ್ ಮಾರುಕಟ್ಟೆಗೆ ತಂದಿತು. ಅದರಲ್ಲಿ ತಂತಿ ಎರಡು ಸುತ್ತಿನವರೆಗೆ ಬಿಸಿ ಹಿಡಿದಿರಬೇಕು, ಅದಕ್ಕೆಂದೇ ಬೇರೆ ಪ್ಲಗ್ ಬಂತು. ಮುಂದೆ ಹಿತ್ತಾಳೆಯ ಲೈನರಿಗೆ ಕ್ರೋಮ್ ಲೇಪಿಸಿ ಅಲ್ಯೂಮಿನಿಯಂ ಪಿಸ್ಟನ್ ಹಾಕಿದ ಎಂಜಿನ್‌ಗಳು ರೂಢಿಯಾದವು. ಅವು ತಣ್ಣಗಿರುವಾಗ ಮೇಲ್ತುದಿಯಲ್ಲಿ ಬಿಗಿ ಹಿಡಿಯುತ್ತವೆ, ಕಾದ ಮೇಲೆ ಸರಿಯಾಗುತ್ತವೆ. ಹಳೆಯ ಕಬ್ಬಿಣದ ಪಿಸ್ಟನ್ನಿನವರು ಹೊಸ ಎಂಜಿನ್ನನ್ನು ಗಂಟೆಗಟ್ಟಲೆ ರಿಚ್ ಆಗಿ ಓಡಿಸಿ ಪಳಗಿಸುತ್ತಿದ್ದರು. ಅದೇ ಉಪಚಾರ ಇದಕ್ಕೆ ಮಾಡಿದರೆ ಬಿಸಿಯೇರದೆ ಸವೆಯುತ್ತದೆ. ಅಪ್ಪನಿಗೆ ಕೊಟ್ಟ ಔಷಧಿ ಮಗನಿಗೆ ವಿಷವಾದ ಹಾಗೆ.

2000ದ ನಂತರ ಲಿಥಿಯಂ ಬ್ಯಾಟರಿಯೂ ಬ್ರಶ್ ಇಲ್ಲದ ಮೋಟರೂ ಬಂದವು. ಆರ್ಡೆನ್ ವಿಮಾನದಿಂದ ಇಳಿಸಿದ್ದ ಬ್ಯಾಟರಿ ಐವತ್ತೈದು ವರ್ಷಗಳ ಮೇಲೆ ಮತ್ತೆ ಹತ್ತಿ ಕೂತಿತು, ಈ ಸಲ ಎಂಜಿನ್ನನ್ನೇ ಕೆಳಗಿಳಿಸಿ. ಇದಕ್ಕೆ ಕಣ್ಣೀರು ಹಾಕುವವನಲ್ಲ ನಾನು. ಎಣ್ಣೆ ಒರೆಸುವ ಬಟ್ಟೆ ಬೇಡ, ವಿಷದ ಡಬ್ಬ ಬೇಡ, ಕಲಿಯುವ ಹುಡುಗಿ ಮೊದಲ ದಿನವೇ ಹಾರಿಸಬಹುದು. ಆದರೆ ಹಿಸುಕಿದ ಕೊಳವೆಯ ಸ್ವರ ಕೇಳಿ ಹಾರಬಹುದು, ಹಾರಬಾರದು ಎನ್ನುವ ಕಿವಿ ಯಾವ ಕೈಪಿಡಿಯಲ್ಲೂ ಪೂರ್ತಿ ಬರೆದಿಟ್ಟಿದ್ದಲ್ಲ. ಅದನ್ನು ಕಲಿಸಲು ಪಕ್ಕದಲ್ಲಿ ಒಬ್ಬರು, ಓಡುವ ಒಂದು ಎಂಜಿನ್ ಬೇಕು. ಮೇಷ್ಟ್ರು ಈಗಿಲ್ಲ. ಆ ಕೆರೆಯಂಗಳದಲ್ಲಿ ಬಡಾವಣೆ ಎದ್ದಿದೆ.

ತಂತಿಯನ್ನು ಮಾತ್ರ ಈಗಲೂ ನೋಡಬಹುದು. ರಸಾಯನಶಾಸ್ತ್ರದ ಉಪನ್ಯಾಸಕರು ಕೆಲವೊಮ್ಮೆ ತೋರಿಸುವ ಪ್ರಯೋಗವೊಂದಿದೆ. ಗಾಜಿನ ಶಂಕುಪಾತ್ರೆಯಲ್ಲಿ ಬೆಚ್ಚಗಿನ ಮೆಥನಾಲ್ ಸ್ವಲ್ಪ, ಅದರ ಮೇಲೆ ಗಾಳಿಯಲ್ಲಿ ತೂಗುವ, ಮೊದಲೇ ಕಾಯಿಸಿದ ಪ್ಲಾಟಿನಂ ಸುರುಳಿ. ಸಣ್ಣಗೆ ಢಬ್ ಎಂದು ಹೊತ್ತಿ ಆರುವುದೂ ಉಂಟು, ಆದ್ದರಿಂದ ಇದು ಮನೆಯಲ್ಲಿ ಮಾಡುವಂಥದಲ್ಲ. ಕೋಣೆಯ ಕಿಟಕಿ ಮುಚ್ಚಿ ದೀಪ ಆರಿಸುತ್ತಾರೆ. ಸುರುಳಿ ಕೆಂಪಗಾಗುತ್ತದೆ, ಆವಿ ಹೆಚ್ಚಿ ಗಾಳಿ ಕಡಿಮೆಯಾದಾಗ ಮಂಕಾಗುತ್ತದೆ, ಹೊರಗಿನ ಗಾಳಿ ಒಳಸರಿದೊಡನೆ ಮತ್ತೆ ಕೆಂಪಾಗುತ್ತದೆ. ಪಾತ್ರೆಯಲ್ಲಿ ಮೆಥನಾಲ್ ಮುಗಿಯುವ ತನಕ ಹೀಗೆಯೇ ನಡೆಯುತ್ತದೆ.